ಮನೆಯವರ ಮೇಜು

ಆ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಒಲೆಯ ಮುಂದೆ ಎಷ್ಟು ವರ್ಷ ಬೆವರು ಸುರಿಸಿದವರೇ ಆಗಲಿ, ಬಡಿಸುವ ಗಾಡಿ ತಳ್ಳಿಕೊಂಡು ಹೊರಗೆ ಬಂದು ಗಿರಾಕಿಗಳ ಕಣ್ಣೆದುರಿಗೇ ಕೈಚಳಕ ತೋರಿಸುವ ಕೆಲಸ ಬೇಕೆಂದರೆ, ಮೊದಲ ಸಲ ತಮ್ಮ ಮನೆಯವರಿಗೇ ಬಡಿಸಬೇಕು. ಅದಕ್ಕೆ ಮನೆಯವರ ಮೇಜು ಎಂದೇ ಹೆಸರು. ಆ ದಿನ ಅಡುಗೆಮನೆಯ ಹಿರಿಯರಾದ ಮಾಸ್ಟರು ಗಾಡಿಯ ಪಕ್ಕ ಕೈಕಟ್ಟಿ ನಿಲ್ಲುತ್ತಾರೆ. ಬಡಿಸುವವರ ಕೈಯನ್ನು ಅವರು ನೋಡುವುದೇ ಇಲ್ಲ, ಕೂತವರ ಮುಖ ನೋಡುತ್ತಾರೆ. ಆ ಮುಖಗಳಲ್ಲಿ ಬೆರಗು ಕಂಡರೆ ಗಾಡಿ ಸಿಕ್ಕಿತು. ಕಾಣದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಮತ್ತೆ ಒಳಗೆ, ಮೀನು ಉಜ್ಜುವ ಕಟ್ಟೆಯ ಮುಂದೆ. ಎರಡನೇ ಸಲ ಕೇಳುವ ಹಾಗಿಲ್ಲ.

"ಪರರನ್ನ ಬೆರಗುಗೊಳಿಸೋದು ದೊಡ್ಡದಲ್ಲ" ಎಂದು ಮಾಸ್ಟರು ಹೊಸಬರಿಗೆಲ್ಲ ಹೇಳುತ್ತಿದ್ದರು. "ಬೆರಗಾಗೋಕೆ ಅಂತಲೇ ಅವರು ಬಂದಿರ್ತಾರೆ. ನಿಮ್ಮ ಮೂಗು ಒರೆಸಿದವರು ಇರ್ತಾರಲ್ಲ, ಅವರು ಒಂದು ಗಳಿಗೆ ಬಾಯಿ ಬಿಡಬೇಕು. ಅದು ಕೆಲಸ."

ಆ ಅಡುಗೆಮನೆಯಲ್ಲಿ ಮೀನು ಉಜ್ಜುತ್ತಿದ್ದ ಸೂಜಿಯ ಮೂಗು ಒರೆಸಿದವಳು ಅವಳ ಅಕ್ಕ. ಹುಡುಗಿ ತೆಳ್ಳಗೆ, ಚೂಪಾಗಿ, ಒಂದು ಕಡೆ ಚುಚ್ಚಿದರೆ ಇನ್ನೊಂದು ಕಡೆ ಹೊರಬರುವ ಸ್ವಭಾವದವಳಾದ್ದರಿಂದ ಸೂಜಿ ಎಂಬ ಹೆಸರು ಅಂಟಿಕೊಂಡಿತ್ತು. ತಾಯಿ ತೀರಿಕೊಂಡಾಗ ಅವಳಿನ್ನೂ ತೊದಲುತ್ತಿದ್ದಳು. ಅಕ್ಕ ಅವಳನ್ನು ಸೊಂಟಕ್ಕೆ ಏರಿಸಿಕೊಂಡೇ ಬಸ್ ಡಿಪೋದ ಕ್ಯಾಂಟೀನಿಗೆ ಕೆಲಸಕ್ಕೆ ಸೇರಿದವಳು, ಈಗ ಅಲ್ಲಿನ ಅಡುಗೆಮನೆಗೆ ಅವಳೇ ಯಜಮಾನಿ. ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್ಕು.

ತೊಂದರೆ ಇದ್ದದ್ದು ಅಕ್ಕನ ಮುಖದಲ್ಲಿ. ಒಂದು ದಿನ ಬಿರುಗಾಳಿಗೆ ಕ್ಯಾಂಟೀನಿನ ತಗಡು ಕಿತ್ತು ಹಾರಿಹೋದಾಗ ಊಟಕ್ಕೆ ಕೂತವರೆಲ್ಲ ಎದ್ದು ಓಡಿದ್ದರು. ಅಕ್ಕ ತಲೆಯೆತ್ತಿ ಆಕಾಶ ನೋಡಿ, ಅನ್ನದ ಹಂಡೆಯನ್ನು ಗೋಡೆಯ ಕಡೆ ಜರುಗಿಸಿ, "ಇನ್ನು ಯಾರಿಗೆ ಅನ್ನ?" ಎಂದು ಕೇಳಿದ್ದಳು. ಡ್ರೈವರುಗಳು ಅವಳ ಮುಖಕ್ಕೆ ಹ್ಯಾಂಡ್‌ಬ್ರೇಕು ಎಂದು ಹೆಸರಿಟ್ಟಿದ್ದರು. ಯಾವತ್ತೋ ಎಳೆದದ್ದು, ಬಿಟ್ಟೇ ಇಲ್ಲ ಎಂದು ಅವರ ಅಂಬೋಣ.

"ಭಾನುವಾರ ಮಧ್ಯಾಹ್ನ ನೀವು ಬರಬೇಕು" ಎಂದು ಸೂಜಿ ಹೇಳಿದಾಗ ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. "ನೀನು, ಭಾವ, ಚಿಕ್ಕಮ್ಮ."

"ಏನು ಮಾಡಿ ತೋರಿಸ್ತೀಯ? ಹೇಳು, ತಯಾರಾಗಿ ಬರ್ತೀನಿ."

"ಹೇಳೋ ಹಾಗಿಲ್ಲಕ್ಕ. ಒಂದು ಮಾತೂ ಹೇಳಬಾರದು ಅಂತ ಕಟ್ಟುನಿಟ್ಟು. ಹೇಳಿದ್ರೆ ಬೆರಗು ಎಲ್ಲಿಂದ ಬರತ್ತೆ?"

"ಬೆರಗು ಬರದೇ ಹೋದ್ರೆ?"

"ಬರದೇ ಹೋದ್ರೆ ಜನ್ಮಪೂರ್ತಿ ಮೀನು ಉಜ್ಜೋದು."

ಅಕ್ಕ ಸೊಪ್ಪಿನ ಕಡ್ಡಿ ಮುರಿದು ಪಕ್ಕಕ್ಕೆ ಹಾಕಿದಳು. "ಒಳಗೆ ಬೇಯಿಸಿ ಹೊರಗೆ ಬಡಿಸೋದು ಲೋಕರೂಢಿ. ಮಧ್ಯದಲ್ಲಿ ಈ ಗಾರುಡಿ ಯಾಕೆ ಬೇಕಿತ್ತೇ? ಹಸಿದವನಿಗೆ ಅನ್ನ ಬೇಕು, ಆಟ ಅಲ್ಲ."

"ಅಲ್ಲಿಗೆ ಯಾರೂ ಹಸ್ಕೊಂಡು ಬರಲ್ಲ."

"ಮತ್ತೆ ಯಾಕೆ ಬರ್ತಾರೆ?"

"ಬಂದು ನೋಡು" ಎಂದಳು ಸೂಜಿ. ಆಮೇಲೆ ದನಿ ತಗ್ಗಿಸಿ, "ಅಕ್ಕ, ನಟನೆ ಮಾತ್ರ ಮಾಡಬೇಡ. ಮಾಸ್ಟರಿಗೆ ಗೊತ್ತಾಗಿಬಿಡತ್ತೆ. ಹೋದ ವರ್ಷ ಒಬ್ಬನ ಹೆಂಡತಿ ಗಾಡಿ ಬರೋಕೆ ಮುಂಚೆನೇ ಅಯ್ಯಯ್ಯೋ ಅಂದುಬಿಟ್ಟಳು. ಅವನು ಈಗಲೂ ಒಳಗೇ ಇದ್ದಾನೆ" ಎಂದಳು.

ಹಾಗಂದಮೇಲೂ ಶನಿವಾರ ಅಕ್ಕ ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ, ಬಾಯಿ ದುಂಡಗೆ ಮಾಡಿ ನೋಡಿಕೊಂಡಳು. ಹಿಂದಿನಿಂದ ಬಂದ ಗಂಡ ಗಾಬರಿಯಾಗಿ, "ಏನಾಯ್ತೇ, ಹಲ್ಲು ನೋವಾ?" ಎಂದ. ಅಲ್ಲಿಗೆ ಆ ಪ್ರಯತ್ನ ಮುಗಿಯಿತು.

ಭಾನುವಾರ ಮೂವರೂ ಹೋಟೆಲಿನ ಲಿಫ್ಟಿನಲ್ಲಿ ನಿಂತು ಮೇಲಕ್ಕೆ ಹೋದರು. ಚಿಕ್ಕಮ್ಮ ಕಿವಿ ಮುಚ್ಚಿಕೊಂಡು, "ಊಟಕ್ಕೆ ಇಷ್ಟು ಎತ್ತರ ಹತ್ತಿಸ್ತಾರಾ? ಇಳಿಯೋ ಹೊತ್ತಿಗೆ ಅರಗಿರತ್ತೆ" ಎಂದರು. ಬಾಗಿಲು ತೆರೆಯಿತು.

ಅಕ್ಕ ಮೊದಲು ಗಮನಿಸಿದ್ದು ಸದ್ದನ್ನು, ಅಂದರೆ ಅಲ್ಲಿ ಸದ್ದೇ ಇಲ್ಲದ್ದನ್ನು. ಅಷ್ಟು ಜನ ಊಟಕ್ಕೆ ಕೂತ ಕಡೆ ತಟ್ಟೆ ತಟ್ಟೆಗೆ ತಾಗಬೇಕು, ಬೆಂಚು ಎಳೆಯಬೇಕು, ಯಾರಾದರೂ ನೀರು ನೀರು ಎಂದು ಕೂಗಬೇಕು. ಇಲ್ಲಿ ದಪ್ಪ ಜಮಖಾನದ ಮೇಲೆ ಗಾಡಿಗಳು ನೀರಿನ ಮೇಲಿನ ದೋಣಿಯಂತೆ ಜಾರುತ್ತಿದ್ದವು. ಒಂದು ಗಾಡಿಯ ಮುಂದೆ ಬಿಳಿ ಕೈಗವಸು ತೊಟ್ಟವನೊಬ್ಬ ಕಿತ್ತಳೆಹಣ್ಣನ್ನು ಮುಳ್ಳುಚಮಚಕ್ಕೆ ಸಿಕ್ಕಿಸಿ ಎತ್ತಿ ಹಿಡಿದು, ಬೆರಳು ಸೋಕಿಸದೆ ಸುಲಿಯುತ್ತಿದ್ದ. ಸಿಪ್ಪೆ ಒಂದೇ ಎಳೆಯಾಗಿ ಸುರುಳಿ ಸುರುಳಿ ಇಳಿದು ಮೇಜಿನ ಹತ್ತಿರ ಬಂದರೂ ಹರಿಯಲಿಲ್ಲ. ಇನ್ನೊಂದು ಕಡೆ ಒಬ್ಬ ಹೆಂಗಸು ಬಟ್ಟಲಿಗೆ ಏನೋ ಹೊಯ್ದಳು, ಬಿಳಿ ಹೊಗೆ ಉಕ್ಕಿ ಮೇಜಿನ ಅಂಚಿನಿಂದ ಜಲಪಾತದ ಹಾಗೆ ಕೆಳಗಿಳಿಯಿತು. ಕೂತಿದ್ದ ದೊಡ್ಡ ಮನುಷ್ಯರೊಬ್ಬರು ಮಗುವಿನ ಹಾಗೆ ಅದಕ್ಕೆ ಕೈಯೊಡ್ಡಿದರು. ಕೈ ಒದ್ದೆಯಾಗಲಿಲ್ಲ. ಅವರು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಕಿಟಕಿಯ ಬಳಿ ಒಬ್ಬ ಮುದುಕ ಕುದಿಯುವ ಸಕ್ಕರೆಪಾಕಕ್ಕೆ ಎರಡು ಮುಳ್ಳುಚಮಚ ಅದ್ದಿ ಗಾಳಿಯಲ್ಲಿ ಬೀಸುತ್ತಿದ್ದ. ಬೀಸಿದ ಕಡೆಯೆಲ್ಲ ಬಂಗಾರದ ಕೂದಲು ಹುಟ್ಟಿ ಬೆಳಕಿನಲ್ಲಿ ತೇಲಿತು. ಅಕ್ಕನಿಗೆ ಆ ಪಾಕ ಗೊತ್ತು. ಒಂದು ಹನಿ ಮೈಮೇಲೆ ಬಿದ್ದರೆ ಮೂಳೆ ಮುಟ್ಟುವ ತನಕ ಬಿಡುವುದಿಲ್ಲ. ಅದನ್ನು ಈ ಮುದುಕ ಗಿರಾಕಿಗಳ ತಲೆಯ ಮೇಲೆ ನೂಲಿನಂತೆ ಆಡಿಸುತ್ತಿದ್ದಾನೆ! ಅವಳ ಎದೆ ಒಮ್ಮೆ ಧಸಕ್ಕೆಂದಿತು. ಮುಖ ಮಾತ್ರ ಅಲ್ಲಾಡಲಿಲ್ಲ.

"ಹ್ಯಾಗಿದೆ?" ಎಂದ ಗಂಡ ಪಿಸುಗುಟ್ಟಿ.

"ಚೆನ್ನಾಗಿದೆ" ಎಂದಳು, ತರಕಾರಿ ಮಾರುವವನಿಗೆ ಹೇಳುವ ಹಾಗೆ.

"ಅಯ್ಯೋ ದೇವರೇ, ಇದೇ ಮುಖ ಇಟ್ಕೊಂಡ್ರೆ ನಮ್ಮ ಸೂಜಿ ಕಥೆ ಮುಗೀತು."

"ನಾನು ಹೊತ್ಕೊಂಡು ಬಂದಿರೋ ಮುಖ ಇದೊಂದೇ. ಬೇರೆ ಇದ್ರೆ ಕೊಡಿ."

ಅವರನ್ನು ನಡುಮಧ್ಯದ ಮೇಜಿಗೆ ಕೂರಿಸಿದರು. ಮನೆಯವರ ಮೇಜು ಎಂದು ಉಳಿದ ಗಿರಾಕಿಗಳಿಗೂ ಗೊತ್ತಿತ್ತೋ ಏನೋ, ಅತ್ತಿತ್ತಲಿನವರು ಕತ್ತು ತಿರುಗಿಸಿ ನಕ್ಕರು. ಪಕ್ಕದ ಮೇಜಿನಲ್ಲಿ ಬೆಳ್ಳಿಗೂದಲಿನ ಗಂಡಹೆಂಡಿರಿಬ್ಬರು ಕುರ್ಚಿಯನ್ನೇ ಸ್ವಲ್ಪ ಈ ಕಡೆ ಜರುಗಿಸಿಕೊಂಡರು. ಚಿಕ್ಕಮ್ಮ ತಟ್ಟೆಯನ್ನು ಎತ್ತಿ ಹಿಂದೆಮುಂದೆ ನೋಡಿ, "ಇಷ್ಟಗಲ ತಟ್ಟೆ ಇಟ್ಟಿದ್ದಾರೆ ಅಂದ್ರೆ ಬಡಿಸೋದು ಇಷ್ಟೇ ಇಷ್ಟು ಅಂತ ಅರ್ಥ" ಎಂದು ಬೆರಳ ತುದಿ ತೋರಿಸಿದರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ಗಾಡಿ ಬಂತು. ಹಿಂದೆ ಸೂಜಿ. ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಕೂದಲು ಬಿಗಿಯಾಗಿ ಹಿಂದಕ್ಕೆ. ಅವಳ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು, ಬೋಳುತಲೆಯ ಮಾಸ್ಟರು. ಅವರು ಬಂದವರೇ ಸೂಜಿಗೆ ಬೆನ್ನು ಕೊಡುವ ಹಾಗೆ ಮೇಜಿನ ಓರೆಯಲ್ಲಿ ನಿಂತು ಮೂವರ ಮುಖದ ಮೇಲೆ ಕಣ್ಣು ನೆಟ್ಟರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ನೋಟ ಅದು.

"ನಮಸ್ಕಾರ. ಇವತ್ತು ನಿಮಗೆ ಬಡಿಸೋದು ನಾನು" ಎಂದಳು ಸೂಜಿ, ಯಾರೋ ಹೊರಗಿನವರಿಗೆ ಹೇಳುವಂತೆ.

ಚಿಕ್ಕಮ್ಮ ತಡೆಯದೆ, "ನಮಸ್ಕಾರ ಕಣಮ್ಮ, ಮನೆಯಲ್ಲಿ ಒಂದು ಲೋಟ ನೀರು ಕೊಡು ಅಂದ್ರೆ ಮುಖ ತಿರುಗಿಸ್ತಿದ್ದೆ" ಎಂದರು. ಸೂಜಿಯ ತುಟಿಯ ಮೂಲೆ ಮಾತ್ರ ಅಲುಗಿತು.

ಗಾಡಿಯ ಮೇಲೆ, ಉದ್ದನೆಯ ತಟ್ಟೆಯಲ್ಲಿ, ಒಂದು ಬಿಳಿ ಗುಡ್ಡ ಇತ್ತು. ಮಗುವಿನ ತೊಟ್ಟಿಲಿನಷ್ಟು ಉದ್ದ, ನಯವಾಗಿ ಬೆನ್ನು ಉಬ್ಬಿದ್ದು, ಸುಣ್ಣದ ಗಾರೆಯ ಹಾಗೆ ಗಟ್ಟಿ. ಸೂಜಿ ಚಮಚದ ಹಿಂಬದಿಯಿಂದ ಅದನ್ನು ತಟ್ಟಿದಳು. ಟಣ್ ಎಂದಿತು.

"ಕಲ್ಲುಪ್ಪು" ಎಂದಳು. "ಇದರೊಳಗೆ ಒಂದು ಇಡೀ ಮೀನಿದೆ. ಉಪ್ಪು ಹೊದ್ದುಕೊಂಡೇ ಬೆಂದಿದೆ."

"ಉಪ್ಪಿಗಿಂತ ರುಚಿಯಿಲ್ಲ ಸರಿ" ಎಂದರು ಚಿಕ್ಕಮ್ಮ, "ಅಂತ ಇಡೀ ಗುಡ್ಡಾನೇ ಹೊತ್ಕೊಂಡು ಬರೋದಾ?"

ಪಕ್ಕದ ಮೇಜಿನವರು ನಕ್ಕರು. ಮಾಸ್ಟರು ನಗಲಿಲ್ಲ. ಸೂಜಿ ತಾಮ್ರದ ಪುಟ್ಟ ಸೌಟಿನಲ್ಲಿ ಬ್ರಾಂದಿ ಹೊಯ್ದು, ಗಾಡಿಯಲ್ಲಿದ್ದ ಪುಟ್ಟ ದೀಪದ ಮೇಲೆ ಹಿಡಿದು ಬಿಸಿ ಮಾಡಿದಳು. ಭಾವನ ಮೂಗು ಅರಳಿತು. "ಮೀನಿಗೆ ಕುಡಿಸ್ತಾರೆ, ಅಳಿಯನಿಗೆ ಇಲ್ಲ" ಎಂದು ಗೊಣಗಿದ.

ಸೂಜಿ ಸೌಟನ್ನು ಓರೆ ಮಾಡಿದಳು. ದೀಪದ ನಾಲಗೆ ಸೌಟಿನೊಳಕ್ಕೆ ಹಾರಿತು. ಅವಳು ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿದಳು. ಅಲ್ಲಿಂದ ಬೆಂಕಿ ನೀರಿನ ಹಾಗೆ ಕೆಳಕ್ಕೆ ಸುರಿಯಿತು.

ಅಕ್ಕನಿಗೆ ಆಮೇಲಿನದು ನೆನಪಿಲ್ಲ. ಡಿಪೋದ ಕ್ಯಾಂಟೀನಿನಲ್ಲಿ ಒಲೆಯ ಪಕ್ಕ ಯಾವಾಗಲೂ ಒಂದು ಒದ್ದೆ ಗೋಣಿಚೀಲ ನೇತಾಡುತ್ತದೆ. ಬಾಣಲೆಗೆ ಬೆಂಕಿ ಹತ್ತಿದರೆ ಯೋಚಿಸುತ್ತ ನಿಲ್ಲುವವರು ಅಡುಗೆಯವರಲ್ಲ. ಯೋಚಿಸುವ ಹೊತ್ತಿಗೆ ಚಾವಣಿಗೇ ಹತ್ತಿರುತ್ತದೆ. ತಂಗಿಯ ಕೋಟಿನ ತೋಳಿನ ಹತ್ತಿರ ಬೆಂಕಿ ಕಂಡದ್ದೇ ತಡ, ಅವಳ ಕೈ ಮೇಜಿನ ಮೇಲಿದ್ದ ದಪ್ಪ ನ್ಯಾಪ್ಕಿನ್ನನ್ನು ಕಿತ್ತು, ನೀರಿನ ಜಗ್ಗಿನಲ್ಲಿ ಮುಳುಗಿಸಿ, ಎದ್ದು ನಿಂತು, ಧಪ್ಪೆಂದು ಗುಡ್ಡದ ಮೇಲೆ ಹೊದಿಸಿಬಿಟ್ಟಿತ್ತು.

ಚುಸ್ಸೆಂದಿತು. ಬೆಂಕಿ ಆರಿತು.

ಸಕ್ಕರೆ ಬೀಸುತ್ತಿದ್ದ ಮುದುಕನ ಕೈ ಗಾಳಿಯಲ್ಲೇ ನಿಂತಿತು.

"ಆರಿತು" ಎಂದಳು ಅಕ್ಕ, ಸಮಾಧಾನದಿಂದ. ಆಮೇಲೆ ತಂಗಿಯ ಮುಖ ನೋಡಿದಳು.

ಆಗ ಅವಳಿಗೆ ಅರ್ಥವಾಯಿತು. ಬೆಂಕಿ ಹತ್ತಿದ್ದಲ್ಲ, ಹಚ್ಚಿದ್ದು. ವರ್ಷಗಟ್ಟಲೆ ಮೀನು ಉಜ್ಜಿ ಬೆರಳ ಸಂದಿಯೆಲ್ಲ ಬಿರಿದ ಹುಡುಗಿಗೆ ಸಿಕ್ಕಿದ್ದು ಒಂದೇ ಒಂದು ಮೇಜು. ಅದನ್ನು ಸ್ವಂತ ಅಕ್ಕನೇ ನೀರು ಹಾಕಿ ಆರಿಸಿದಳು.

"ಸ್ವಾಮಿ" ಎಂದಳು ಮಾಸ್ಟರ ಕಡೆ ತಿರುಗಿ. "ತಪ್ಪು ನಂದು. ಅವಳದ್ದೇನೂ ಇಲ್ಲ. ಬೇಕಾದ್ರೆ ನಾನು ಹೊರಗೆ ಹೋಗಿ ನಿಂತ್ಕೋತೀನಿ, ಇನ್ನೊಂದು ಸಲ..."

"ಕೂತ್ಕೊಳ್ಳಿ ಅಮ್ಮ" ಎಂದರು ಮಾಸ್ಟರು. ದನಿಯಲ್ಲಿ ಕೋಪವೂ ಇಲ್ಲ, ಕರುಣೆಯೂ ಇಲ್ಲ. "ಮೇಜು ಇನ್ನೂ ಮುಗಿದಿಲ್ಲ."

ಅವರ ಕಣ್ಣು ಮತ್ತೆ ಮೂವರ ಮುಖಕ್ಕೆ ಬಂತು. ಅಕ್ಕ ಕೂತಳು. ಕೂತಮೇಲೆ ಅಡುಗೆಯವಳ ಬುದ್ಧಿ ಇನ್ನೊಂದು ಆಪತ್ತನ್ನು ಕಂಡಿತು. ಉಪ್ಪಿನ ಮೇಲೆ ನೀರು ಬಿದ್ದಿದೆ. ಒಣಗಿದ್ದರೆ ಚಿಪ್ಪಿನ ಹಾಗೆ ಒಡೆದು ಎತ್ತಬಹುದಿತ್ತು. ಈಗ ಅದು ಕರಗುತ್ತದೆ, ಕರಗಿದ್ದು ಕೆಳಗಿಳಿಯುತ್ತದೆ, ಇಳಿದು ಚರ್ಮದ ಬಿರುಕು ಹುಡುಕಿಕೊಂಡು ಮಾಂಸಕ್ಕೆ ಸೇರುತ್ತದೆ. ಸೇರಿದರೆ ಆ ಮೀನು ನಾಯಿಗೂ ಬೇಡ.

ಸೂಜಿ ಅಕ್ಕನನ್ನು ನೋಡಲಿಲ್ಲ. ಮಾಸ್ಟರನ್ನೂ ನೋಡಲಿಲ್ಲ. ಎರಡು ಬೆರಳಿನಲ್ಲಿ ಒದ್ದೆ ಬಟ್ಟೆಯನ್ನು ಎತ್ತಿ, ಮಡಿಸಿ, ತಟ್ಟೆಯ ತಲೆಯ ಕಡೆಯ ಅಂಚಿನ ಕೆಳಗೆ ತುರುಕಿದಳು. ತಟ್ಟೆ ಓರೆಯಾಯಿತು. ನೀರು ಮೀನಿನ ಕಡೆ ಹೋಗುವುದನ್ನು ಬಿಟ್ಟು ಬಾಲದ ಕಡೆಯ ಮೂಲೆಗೆ ಹರಿದು ನಿಂತಿತು. ಅಕ್ಕ ಉಸಿರು ಬಿಟ್ಟಳು.

ಇನ್ನು ಉಪ್ಪು ಮೇಲ್ಗಡೆ ಕೆಸರು, ಒಳಗಡೆ ಕಲ್ಲು. ಬಡಿದರೆ ಒಡೆಯುವುದಿಲ್ಲ, ಕುಸಿಯುತ್ತದೆ. ಸೂಜಿ ಬಡಿಯುವ ಭಾರದ ಚಮಚವನ್ನು ಕೆಳಗಿಟ್ಟಳು. ಎರಡು ಸಾಮಾನ್ಯ ಚಮಚ ತೆಗೆದುಕೊಂಡಳು. ಒಂದನ್ನು ಗುಡ್ಡದ ಬುಡದಲ್ಲಿ, ಒಣಗಿದ್ದ ಕಡೆ, ತಟ್ಟೆಗೆ ಒತ್ತಿ ಒಳಕ್ಕೆ ಜಾರಿಸಿದಳು. ಚಮಚ ಉಪ್ಪಿನ ಕೆಳಗೇ ನಿಲ್ಲಲಿಲ್ಲ. ಇನ್ನೂ ಕೆಳಗೆ, ಮೀನಿನ ಚರ್ಮದ ಕೆಳಗೆ ಹೋಯಿತು. ಉಪ್ಪು ಚರ್ಮಕ್ಕೆ ಅಂಟಿದ್ದರೆ ಅಂಟಿಕೊಂಡೇ ಇರಲಿ, ಎರಡನ್ನೂ ಒಟ್ಟಿಗೆ ಎತ್ತುತ್ತೇನೆ ಎಂಬುದು ಅವಳ ಲೆಕ್ಕ.

ಅದು ಆಗದ ಕೆಲಸ ಎಂದು ಅಕ್ಕನಿಗೆ ಗೊತ್ತಿತ್ತು. ಬೆಂದ ಮೀನಿನ ಚರ್ಮ ಎಂದರೆ ಒದ್ದೆ ಕಾಗದ. ಅದರ ಮೇಲೆ ಅಷ್ಟು ಉಪ್ಪಿನ ಭಾರ.

ಸೂಜಿ ಅವಸರ ಮಾಡಲಿಲ್ಲ. ಕೆಳಗಿನ ಚಮಚ ಇಷ್ಟಿಷ್ಟೇ ಮುಂದೆ ಸರಿಯಿತು, ಮೇಲಿನ ಚಮಚ ಉಪ್ಪನ್ನು ಇಷ್ಟಿಷ್ಟೇ ಹಿಂದಕ್ಕೆ ಮಡಚಿತು. ನಿದ್ದೆ ಹೋದ ಮಗುವಿನ ಒದ್ದೆ ಅಂಗಿಯನ್ನು ಎಬ್ಬಿಸದೆ ಬಿಚ್ಚುತ್ತಾರಲ್ಲ, ಒಂದು ತೋಳು, ಆಮೇಲೆ ಬೆನ್ನು, ಆಮೇಲೆ ಕತ್ತು, ಹಾಗೆ. ಇಡೀ ಬಿಳಿ ಗುಡ್ಡ ಒಳಗೆ ಅಂಟಿದ ಮೀನಿನ ಚರ್ಮದ ಸಮೇತ ಹೊರಳತೊಡಗಿತು. ಎಲ್ಲಿಯೂ ಹರಿಯಲಿಲ್ಲ. ಒಂದು ಹರಳೂ ಉದುರಲಿಲ್ಲ. ಬುಡದಿಂದ ಹಬೆ ಎದ್ದು ಸೂಜಿಯ ಮುಖವನ್ನು ಮುಚ್ಚಿ, ಮತ್ತೆ ಬಿಟ್ಟಿತು. ಅಲ್ಲಿ ಬೆವರಿತ್ತು, ಆದರೆ ಭಯ ಇರಲಿಲ್ಲ. ಕೊನೆಗೆ ಅವಳು ಮಣಿಕಟ್ಟನ್ನು ಒಮ್ಮೆ ತಿರುಗಿಸಿದಳು. ಗುಡ್ಡ ಪೂರ್ತಿ ಅಂಗಾತ ಬಿದ್ದು ಪಕ್ಕದ ತಟ್ಟೆಗೆ ಹೋಯಿತು. ಇತ್ತ ಉಳಿದದ್ದು ಹಾಲಿನ ಬಣ್ಣದ ಮೀನು, ತಲೆಯಿಂದ ಬಾಲದ ತನಕ ಒಂದು ಗೀರಿಲ್ಲದೆ, ಬೆತ್ತಲೆಯಾಗಿ, ಹೊಳೆಯುತ್ತ.

ಸೂಜಿ ನಿಲ್ಲಿಸಲಿಲ್ಲ. ಚಮಚದ ಅಂಚಿನಿಂದ ಬೆನ್ನಿನ ಮೇಲೆ ಒಂದು ಗೆರೆ ಎಳೆದಳು. ಮಾಂಸ ಪುಸ್ತಕದ ಹಾಗೆ ಎರಡು ಕಡೆ ತೆರೆದುಕೊಂಡಿತು. ಬಾಲವನ್ನು ಎರಡು ಚಮಚದ ನಡುವೆ ಹಿಡಿದು ಎತ್ತಿದಳು. ಬೆನ್ನೆಲುಬು ಎದ್ದಿತು. ಬಾಚಣಿಗೆಯ ಹಲ್ಲುಗಳಂಥ ಮುಳ್ಳುಗಳನ್ನೆಲ್ಲ ಜೊತೆಗೆ ಕರೆದುಕೊಂಡು, ತಲೆಯವರೆಗೂ, ಇಡಿಯಾಗಿ. ಅವಳು ಅದನ್ನು ಬೆಳಕಿಗೆ ಹಿಡಿದಳು. ಒಂದು ಚೂರು ಮಾಂಸ ಅಂಟಿರಲಿಲ್ಲ. ಗಾಜಿನಲ್ಲಿ ಮಾಡಿದ ಗರಿಯ ಹಾಗೆ ಇತ್ತು.

ಇಷ್ಟು ವರ್ಷ ಮೀನು ಸೀಳಿದವಳು ಅಕ್ಕ. ಮುಳ್ಳು ಮಾಂಸವನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆಂದು ಅವಳ ಬೆರಳಿಗೆ ಗೊತ್ತು. ಅದು ತಾನಾಗಿ ಕೈಬಿಟ್ಟದ್ದನ್ನು ಅವಳು ಈಗ ಕಂಡಳು. ಯಾರ ಕೈ ಇದು? ಸಣ್ಣವಳಿದ್ದಾಗ ಲೋಟ ಕೊಟ್ಟರೆ ಚೆಲ್ಲುತ್ತಿದ್ದ ಕೈಯಾ? ತನಗೆ ಗೊತ್ತಿರುವ ಹುಡುಗಿ ಎಲ್ಲೋ ಬಾಗಿಲಾಚೆ ನಿಂತಿದ್ದಾಳೆ, ಇಲ್ಲಿ ನಿಂತಿರುವವಳು ಬೇರೆ ಯಾರೋ, ಇವಳಿಗೆ ತಾನು ಎದ್ದು ಜಾಗ ಕೊಡಬೇಕು ಅನ್ನಿಸಿತು. ಮಾಸ್ಟರು, ಪರೀಕ್ಷೆ, ತನ್ನ ಮುಖ, ಯಾವುದೂ ಅವಳ ತಲೆಯಲ್ಲಿ ಉಳಿದಿರಲಿಲ್ಲ.

"ಬಾಯಿ ಮುಚ್ಕೊಳ್ಳೇ" ಎಂದರು ಚಿಕ್ಕಮ್ಮ ಇಡೀ ಕೋಣೆಗೆ ಕೇಳುವ ಹಾಗೆ. "ನೊಣ ಹೋದೀತು."

ಅಕ್ಕ ಬಾಯಿ ಮುಟ್ಟಿ ನೋಡಿಕೊಂಡಳು. ನಿಜವಾಗಿಯೂ ತೆರೆದಿತ್ತು.

ಮೊದಲು ನಕ್ಕವನು ಸಕ್ಕರೆಯ ಮುದುಕ. ಆಮೇಲೆ ಆ ನಗು ಮೇಜಿಂದ ಮೇಜಿಗೆ ಹೋಯಿತು, ಯಾರೋ ಚಪ್ಪಾಳೆ ತಟ್ಟಿದರು. ಭಾವ ಕಣ್ಣೊರೆಸಿಕೊಳ್ಳುತ್ತ, "ಹ್ಯಾಂಡ್‌ಬ್ರೇಕು ಬಿಡ್ತಪ್ಪ! ನಾಳೆ ಡಿಪೋದಲ್ಲಿ ಹೇಳಿದ್ರೆ ಒಬ್ಬನೂ ನಂಬಲ್ಲ" ಎಂದ.

ಸೂಜಿ ಮೂರು ತಟ್ಟೆಗೆ ಬಡಿಸಿದಳು. ಮಾಸ್ಟರು ಮೇಜಿನ ಬಳಿ ಬಂದು ಅಕ್ಕನನ್ನು ಕೇಳಿದರು, "ಉಪ್ಪಾಗಿದೆಯಾ ನೋಡಿ ಹೇಳಿ ಅಮ್ಮ."

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಹೊರಗಿನ ಅಷ್ಟು ಉಪ್ಪು ಒಳಗೆ ಬಂದದ್ದು ಒಂದು ಚಿಟಿಕೆಯಷ್ಟು ಮಾತ್ರ, ಬೇಕಾದಷ್ಟು ಮಾತ್ರ. "ಹದವಾಗಿದೆ" ಎಂದಳು.

ಮಾಸ್ಟರು ತಲೆಯಾಡಿಸಿ, ಮೊದಲ ಸಲ ಸೂಜಿಯ ಕಡೆ ತಿರುಗಿದರು. "ಪಕ್ಕದ ಮೇಜಿನವರು ನಿನ್ನನ್ನೇ ಕೇಳ್ತಿದ್ದಾರೆ. ಒಳಗಿಂದ ಇನ್ನೊಂದು ಮೀನು ತಗೊಂಡು ಹೋಗು."

ಅಷ್ಟೇ ಅವರು ಹೇಳಿದ್ದು. ಸೂಜಿಗೆ ಅಷ್ಟು ಸಾಕಾಯಿತು. ಅವಳು ಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, ತೆರೆದಳು.

ಬೆಳ್ಳಿಗೂದಲಿನ ಹಿರಿಯರು ಉತ್ಸಾಹದಿಂದ, "ನಮಗೂ ಆ ಒದ್ದೆ ಬಟ್ಟೆ ಹಾಕ್ತಾರಲ್ಲ, ಹಾಗೇ ಬೇಕು" ಎಂದರು.

"ಆ ಅಮ್ಮ ನಮ್ಮಲ್ಲಿ ಕೆಲಸಕ್ಕಿಲ್ಲ ಸಾರ್" ಎಂದರು ಮಾಸ್ಟರು.

ಹೊಸ ಗುಡ್ಡ ಬಂತು. ಸೂಜಿ ಆ ಮೇಜಿನವರಿಗೆ, "ನಮಸ್ಕಾರ, ಇವತ್ತು ನಿಮಗೆ ಬಡಿಸೋದು ನಾನು" ಎಂದಳು. ಈ ಸಲ ಆ ಮಾತು ಸರಿಯಾಗಿ ಕೂತಿತು. ಅಕ್ಕ ತಟ್ಟೆ ಬಿಟ್ಟು ಎದ್ದು, ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಮೀನು ಆರ್ತಾ ಇದೆ ಕಣೇ" ಎಂದರು ಚಿಕ್ಕಮ್ಮ.

"ಆರಲಿ."

ಸೌಟು ಮೇಲಕ್ಕೆ ಹೋಯಿತು. ಬೆಂಕಿ ಇಳಿಯಿತು. ಮೊದಲು ನೀಲಿ ಎಳೆ, ಗುಡ್ಡದ ತಲೆಗೆ ತಾಗಿದ್ದೇ ಎರಡು ಹೋಳಾಗಿ ಇಳಿಜಾರಿನಲ್ಲಿ ಹರಿದು, ಬುಡದಲ್ಲಿ ಸುತ್ತಿ ಬಂದು ಒಂದನ್ನೊಂದು ಕೂಡಿಕೊಂಡಿತು. ಆಮೇಲೆ ಅಂಚುಗಳಲ್ಲಿ ಹಳದಿ ಎದ್ದಿತು. ಉಪ್ಪಿನ ಹರಳುಗಳು ಚಿಟಿಚಿಟಿ ಎಂದವು. ಬೆಂಕಿ ಯಾರ ಮೇಲೂ ಏರಿಹೋಗಲಿಲ್ಲ, ಯಾರನ್ನೂ ಸುಡಲಿಲ್ಲ. ಹೇಳಿದ ಮಾತು ಕೇಳುವ ಪ್ರಾಣಿಯ ಹಾಗೆ ಆ ಬಿಳಿ ಬೆನ್ನಿನ ಮೇಲೆ ಮಲಗಿ ಉಸಿರಾಡಿತು. ಅದರ ಆಚೆ ಸೂಜಿಯ ಮುಖ ಬಂಗಾರದ ಬಣ್ಣಕ್ಕೆ ತಿರುಗಿ ನಿಶ್ಚಲವಾಗಿತ್ತು. ಜೀವಮಾನವೆಲ್ಲ ಬೆಂಕಿಯ ಮುಂದೆ ನಿಂತ ಅಕ್ಕ, ಒಂದು ಬೆಂಕಿಯನ್ನು ಅದು ತಾನಾಗಿ ಆರುವ ತನಕ ಸುಮ್ಮನೆ ನಿಂತು ನೋಡಿದ್ದು ಅದೇ ಮೊದಲು.